ಸೂಜಿ ಚುಚ್ಚಿದ ಮೇಲಿನ ಹತ್ತೊಂಬತ್ತು ದಿನ

ಮಂಪರಿನಲ್ಲಿದ್ದ ಮಂಗ ಒಮ್ಮೆಲೇ ಕೊಸರಾಡಿತು. ಅದರ ತೊಡೆಯಿಂದ ರಕ್ತ ತೆಗೆಯುತ್ತಿದ್ದ ಸೂಜಿ ಕೈಗವಸನ್ನು ತೂರಿ ನನ್ನ ಹೆಬ್ಬೆರಳಿಗೆ ಚುಚ್ಚಿತು. ದೆಹಲಿಯ ಕಚೇರಿಗಳ ಸುತ್ತ ಹಿಡಿದು ತಂದ ಮಂಗಗಳ ರಕ್ತ ಪರೀಕ್ಷಿಸುವ ಲ್ಯಾಬಿನಲ್ಲಿ ನಾನಾಗ ಟೆಕ್ನೀಷಿಯನ್. ಬೆರಳು ತೊಳೆದು ಬಂದು ಆ ಮಂಗನ ಸ್ಲೈಡ್ ನೋಡಿದೆ. ಕೆಂಪು ರಕ್ತಕಣಗಳೊಳಗೆ ಮಲೇರಿಯಾ ಜಾತಿಯ ಪರೋಪಜೀವಿಗಳು ಸಣ್ಣ ಉಂಗುರಗಳಂತೆ ಕೂತಿದ್ದವು.

“ಮನುಷ್ಯರಿಗೆ ಅಂಟೋದು ಅಪರೂಪ. ಆದರೆ ರಕ್ತ ನೇರವಾಗಿ ಒಳಗೆ ಹೋಗಿದೆಯಲ್ಲ, ಜ್ವರ ಬಂದರೆ ಒಂದು ದಿನವೂ ಕಾಯಬೇಡಿ,” ಎಂದರು ನಮ್ಮ ಡಾಕ್ಟರು.

ಲೋಧಿ ಕಾಲೋನಿಯ ಮನೆಯಲ್ಲಿ ಗಂಟೆಗೊಮ್ಮೆ ಹಣೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಹತ್ತೊಂಬತ್ತನೇ ದಿನ ಮೈ ಕಾದೇಬಿಟ್ಟಿತು. ಲ್ಯಾಬಿಗೆ ಓಡಿದೆ. ಡಾಕ್ಟರು ನನ್ನ ಸ್ಲೈಡನ್ನು ಬಹಳ ಹೊತ್ತು ನೋಡಿ, “ಏನೂ ಇಲ್ಲಮ್ಮ, ಬರೀ ನೆಗಡಿ ಜ್ವರ,” ಎಂದರು.

ಪಂಜರಗಳನ್ನು ನೋಡಿಕೊಳ್ಳುವ ರಾಮ್‌ಪಾಲ್ ಬಾಗಿಲಲ್ಲೇ ನಿಂತಿದ್ದ. ಕಚ್ಚಿದ, ಪರಚಿದ ಗುರುತು ತುಂಬಿದ ಕೈ ಚಾಚಿದ. “ಮೇಡಂಜೀ, ಮೇರಾ ಭೀ ದೇಖ್ ಲೀಜಿಯೇ, ನನ್ನ ರಕ್ತಾನೂ ನೋಡಿ. ಇಷ್ಟು ವರ್ಷದಲ್ಲಿ ಯಾರೂ ನೋಡಿಲ್ಲ.”

ಅವನ ರಕ್ತದಲ್ಲೂ ಏನೂ ಸಿಗಲಿಲ್ಲ. ಆದರೆ ಅಷ್ಟೂ ದಿನ ನಾನು ನನ್ನೊಬ್ಬಳಿಗಾಗಿ ಮಾತ್ರ ಹೆದರಿದ್ದೆ ಎಂಬುದು ನೆನಪಾದಾಗಲೆಲ್ಲ ತಲೆ ತಗ್ಗುತ್ತದೆ.