ವ್ಯಾನಿನಲ್ಲಿ ಕಾಯಿಸಿದ ಹಾಲು

ಸಮೀನಾಳಿಗೆ ಯಾವ ಊರಿನ ಹೆಸರು ಕೇಳಿದರೂ ಮೊದಲು ಏಳುವ ಪ್ರಶ್ನೆ ಒಂದೇ: ಅಲ್ಲಿಂದ ಆಸ್ಪತ್ರೆ ಎಷ್ಟು ದೂರ? ಮಗಳು ಮಿಸ್ರಿಯಾಳ ಮೈಯ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೋಲುತ್ತಿದ್ದವು. ಮಲಗಿದರೆ, ದಣಿದರೆ ಮೂಗಿಗೆ ಉಸಿರಿನ ಮಿಷನ್ ಕಟ್ಟಬೇಕು. ಇನ್ನೆಷ್ಟು ವರ್ಷ ಎಂದು ಕೇಳಿದಾಗ ಮಂಗಳೂರಿನ ಡಾಕ್ಟರು ಕನ್ನಡಕ ಒರೆಸಿಕೊಂಡಿದ್ದರು, ಅಷ್ಟೆ. ನರಿಕೊಂಬಿನ ಮನೆಯ ಕೋಣೆ, ಆಸ್ಪತ್ರೆಯ ವಾರ್ಡು. ಇವೆರಡರ ಹೊರಗೆ ಏನುಂಟೆಂದು ಆ ಮಗುವಿಗೆ ಗೊತ್ತಿರಲಿಲ್ಲ.

ದಮ್ಮಾಮಿನಿಂದ ಮರಳಿದ ಗಂಡ ಉನೈಸ್ ತಲೆತುಂಬ ಒಂದೇ ಯೋಚನೆ ತುಂಬಿಕೊಂಡು ಬಂದಿದ್ದ. ಚಳಿಗಾಲದಲ್ಲಿ ಅಲ್ಲಿಯವರು ಮರುಭೂಮಿಗೆ ಎಳೆದೊಯ್ಯುವ ಮನೆಗಾಡಿಗಳನ್ನು ಅವನು ನೋಡಿದ್ದ. ಮೂಡುಬಿದಿರೆಯ ಹತ್ತಿರ ಪುತ್ತಿಗೆಯಲ್ಲಿ ಸುಧಾಕರ ಎನ್ನುವವರ ಶೆಡ್ಡಿನಲ್ಲಿ ಅಂಥದ್ದೊಂದಿತ್ತು: ಟೆಂಪೊ ಟ್ರಾವೆಲರಿನ ಒಳಗೆ ಮಂಚ, ಕಕ್ಕಸು, ಕರೆಂಟಿನ ಸ್ಟವ್, ಏಸಿ.

"ನನ್ನ ಹೆಂಡತಿ ಸರಸಳಿಗಾಗಿ ಮಾಡಿಸಿದ್ದು," ಎಂದಿದ್ದರು ಸುಧಾಕರ. "ಮಳೆ ಬಿಡ್ಲಿ, ಮಗಳ ಮದುವೆ ಮುಗೀಲಿ ಅಂತ ಮುಂದೆ ಹಾಕಿದ್ದೇ ಆಯ್ತು. ಕಡೆಗೆ ಅವಳೇ ಹೋದ್ಳು. ನೀವು ಒಂದು ದಿವಸ ಓಡಿಸಿ ನೋಡಿ. ಆಮೇಲೆ ಮಾತಾಡುವ."

ವಾರವಿಡೀ ಸಮೀನಾ ಮನಸ್ಸಿನಲ್ಲೇ ತೂಗಿದಳು. ಮಗು ಮಲಗಿಕೊಂಡೇ ಊರು ನೋಡಬಹುದು. ಬಟ್ಟೆ ಬದಲಿಸಲು ಮರೆ ಹುಡುಕಬೇಕಿಲ್ಲ, ಬಸ್ಸಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಆದರೆ ದಾರಿಯಲ್ಲಿ ಗಾಡಿ ಕೆಟ್ಟರೆ? ಮಿಷನ್ನಿನ ಸ್ವಂತ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು. ಸ್ಟವ್, ಏಸಿ, ಮಿಷನ್ ಎಲ್ಲವನ್ನೂ ನಡೆಸಬೇಕಾದ ವ್ಯಾನಿನೊಳಗಿನ ಬ್ಯಾಟರಿಯೋ, ಮನೆಯ ಪ್ಲಗ್ಗಿಗೆ ಹಾಕಿದರೆ ಮಾತ್ರ ತುಂಬುವುದು. ಓಡುವಾಗ ತುಂಬುವುದಿಲ್ಲ.

"ನಿನಗೆ ಹೆದರಿಕೆಯೇ ಒಂದು ಕೆಲಸ," ಎಂದ ಉನೈಸ್.

"ಇನ್ಯಾರಾದ್ರೂ ಹೆದರ್ತಾರಾ ಈ ಮನೇಲಿ? ಎಲ್ಲರ ಪಾಲಿನದ್ದೂ ನಾನೇ ಹೆದರ್ಬೇಕಲ್ಲ."

ಅಂತೂ ಒಂದು ಭಾನುವಾರ ಹೊರಟರು. ಬೆಳ್ತಂಗಡಿ ದಾಟಿ ಗಡಾಯಿಕಲ್ಲಿನ ಒಂಟಿ ಬಂಡೆಬೆಟ್ಟ ಕಂಡಾಗ ಮಿಸ್ರಿಯಾ ಕಿಟಕಿಯಿಂದ ಕಣ್ಣು ಕೀಳಲಿಲ್ಲ. "ಉಮ್ಮ, ಅದು ಅಲ್ಲೇ ಇರ್ತದಾ, ರಾತ್ರಿಯೂ?" ಎಂದು ಕೇಳಿದಳು. ಸಮೀನಾ ಮೊದಲ ಬಾರಿಗೆ ಆಸ್ಪತ್ರೆಯ ದೂರ ಮರೆತಳು.

ಹಿಂದಿರುಗುವಾಗ ವಾಮದಪದವಿನಲ್ಲಿ ಉನೈಸನ ಅಕ್ಕ ರಶೀನಾಳ ಮನೆ. ಅಕ್ಕನ ಅಂಗಳದ ಮುಂದಿನಿಂದ ಹಾಗೇ ಹಾದುಹೋದರೆ ವರ್ಷವಿಡೀ ಮಾತು ಕೇಳಬೇಕು. ಮಗುವನ್ನು ಮನೆಯೊಳಗೆ ಮಲಗಿಸಿ ಅಲ್ಲಿನ ಕರೆಂಟಿಗೆ ಮಿಷನ್ ಹಾಕಿ, ಸಮೀನಾ ಮಗಳ ಪಕ್ಕ ಕುಳಿತಳು. ಹೊರಗೆ ನೆರೆಕರೆಯವರೆಲ್ಲ ವ್ಯಾನು ಹತ್ತಿದ್ದರು.

"ಮನೆ ಅಂದ ಮೇಲೆ ಹಾಲು ಕಾಯಿಸದೆ ಆಗ್ತದಾ?" ರಶೀನಾ ಪಾತ್ರೆ ಹಿಡಿದು ಹೊರಟಿದ್ದಳು.

"ಇನ್ನೂ ತಗೊಂಡಿಲ್ಲ ಅಕ್ಕ," ಎಂದು ಉನೈಸ್ ನಕ್ಕ.

"ತಗೊಳ್ತಿ ಮಾರಾಯ. ಹಾಲು ಉಕ್ಕಲಿ, ಬರ್ಕತ್ ಬರ್ಲಿ."

ವ್ಯಾನಿನ ಸ್ಟವ್ವಿನಲ್ಲಿ ಹಾಲು ಉಕ್ಕಿತು. ಬಂದವರಿಗೆಲ್ಲ ಅಲ್ಲೇ ಚಹಾ ಆಯಿತು. ಸೆಕೆಯೆಂದು ಯಾರೋ ಏಸಿ ಹಾಕಿದರು. ಯಾರೂ ಅದನ್ನು ಆರಿಸಲಿಲ್ಲ. ಹೊಸ ಮನೆಯ ಹಾಲೆಂದು ಸಮೀನಾಳಿಗೂ ಒಂದು ಲೋಟ ಬಂತು. ಅವಳು ಕುಡಿದಳು, ಅದು ಯಾವುದರಿಂದ ಕಾದದ್ದೆಂದು ಯೋಚಿಸಲಿಲ್ಲ.

ಬಂಟ್ವಾಳದ ದಾರಿಯಲ್ಲಿ ಮಗು ದಣಿದು ನಿದ್ದೆಹೋದಳು. ಸ್ವಲ್ಪ ಹೊತ್ತಿಗೆ ಮಿಷನ್ ಒಮ್ಮೆ ಕೂಗಿ ಸುಮ್ಮನಾಯಿತು. ಒಳಗಿನ ದೀಪವೂ ಆರಿತು.

"ನಿಲ್ಲಿಸ್ಬೇಡಿ," ಎಂದಳು ಸಮೀನಾ. ಅವಳ ದನಿ ಅವಳಿಗೇ ಬೇರೆಯವರದ್ದೆನಿಸಿತು.

ಕೈಯಿಂದ ಒತ್ತುವ ರಬ್ಬರಿನ ಉಸಿರುಚೀಲ ಅವಳ ಬ್ಯಾಗಿನಲ್ಲಿ ಯಾವಾಗಲೂ ಇರುತ್ತಿತ್ತು. ಮಗುವಿನ ಮುಖಕ್ಕೆ ಅದನ್ನು ಒತ್ತಿ ಹಿಡಿದು ಹಿಂಡತೊಡಗಿದಳು. ತುಟಿ ನೀಲಿಗಟ್ಟಿತ್ತು. ಪೇಟೆಯಲ್ಲಿ ಬಸ್ಸೊಂದು ಅಡ್ಡ ನಿಂತು ಜನ ಇಳಿಸುತ್ತಿತ್ತು. ಉನೈಸ್ ಹಾರ್ನಿನಿಂದ ಕೈ ತೆಗೆಯಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ನರ್ಸ್ ಬಂದು ಚೀಲ ತೆಗೆದುಕೊಳ್ಳಲು ನೋಡಿದಾಗ ಸಮೀನಾಳ ಬೆರಳುಗಳು ಬಿಡಿಸಿಕೊಳ್ಳಲಿಲ್ಲ.

ಮಗು ಉಳಿದಳು. ಮನೆಗೆ ಬಂದವಳು ಮೊದಲಿಗಿಂತ ಕಡಿಮೆ ಮಾತಾಡುತ್ತಿದ್ದಳು. ಉನೈಸ್ ವ್ಯಾನಿನ ಸುದ್ದಿಯನ್ನೇ ಎತ್ತಲಿಲ್ಲ. ರಶೀನಾ ಬಂದು ಸೆರಗಿನಲ್ಲಿ ಮುಖ ಮುಚ್ಚಿ ಅತ್ತು ಹೋದಳು. ಅವಳನ್ನು ಬೈಯಲು ಸಮೀನಾಳಿಗೆ ಬಾಯಿ ಬರಲಿಲ್ಲ. ಆ ಹಾಲು ಅವಳ ಹೊಟ್ಟೆಗೂ ಹೋಗಿತ್ತಲ್ಲ.

ಸುಧಾಕರ ಗಾಡಿ ಒಯ್ಯಲು ಬಂದರು. "ಬೇಡ ಅಂತ ಹೇಳ್ಲಿಕ್ಕೆ ಸಂಕೋಚ ಬೇಡ. ನಂಗೆ ಅರ್ಥ ಆಗ್ತದೆ," ಎಂದು ಉನೈಸನಿಂದ ಕೀಲಿ ತೆಗೆದುಕೊಂಡರು.

ಇಂಜಿನ್ ಶುರುವಾದಾಗ ಸಮೀನಾ ಮಗಳ ಪಕ್ಕದಲ್ಲಿದ್ದಳು. ಮಿಸ್ರಿಯಾ ಕುತ್ತಿಗೆ ಹೊರಳಿಸಲಾರಳು. ಕಣ್ಣುಗಳಷ್ಟೇ ಕಿಟಕಿಯ ಕಡೆ ಹೋಗಿ, ಶಬ್ದ ದೂರವಾಗುವುದನ್ನು ಕಾಯುತ್ತ ಅಲ್ಲೇ ನಿಂತವು. ಈ ಕೋಣೆಯಲ್ಲೇ ಇಟ್ಟುಕೊಂಡರೂ ಅವಳು ಬದುಕಿ ಉಳಿಯುವವಳಲ್ಲ ಎಂಬುದು ಸಮೀನಾಳಿಗೆ ಆಗ ಮೊದಲ ಬಾರಿಗೆ ಪೂರ್ತಿ ತಿಳಿಯಿತು.

ಅವಳು ಬರಿಗಾಲಲ್ಲಿ ಅಂಗಳಕ್ಕೆ ಓಡಿದಳು.

"ಸುಧಾಕರಣ್ಣ, ಸೀಟಿನ ಅಡಿ ಇನ್ನೊಂದು ಬ್ಯಾಟರಿ ಇಡ್ಲಿಕ್ಕೆ ಜಾಗ ಉಂಟಾ? ಅವಳ ಮಿಷನ್ನಿಗೆ ಮಾತ್ರ."

ಉನೈಸ್ ಅವಳನ್ನೇ ನೋಡಿದ. ಸುಧಾಕರ ಇಂಜಿನ್ ಆರಿಸಿದರು.

"ಸೀಟಿನ ಅಡಿ ಇಲ್ಲ. ಸ್ಟವ್ ತೆಗೆದ್ರೆ ಉಂಟು."

"ತೆಗೀರಿ," ಎಂದಳು ಸಮೀನಾ. ಉಸಿರುಚೀಲ ಹಿಂಡಿದ ಕೈಯ ಹೆಬ್ಬೆರಳಿನ ನೋವು ಇನ್ನೂ ಇಳಿದಿರಲಿಲ್ಲ.