ಖಾಲಿ ಸಾಲಿನ ಕೆಳಗಿದ್ದ ಶನಿವಾರ

ಬಂಗಾರಪೇಟೆ ರೈಲು ನಿಲ್ದಾಣದಿಂದ ಐದು ನಿಮಿಷ ನಡೆದರೆ ಸಿಗುವ ಸಣ್ಣ ಕಚೇರಿಯೊಂದರಲ್ಲಿ ನನಗೆ ಕೆಲಸ. ಸುತ್ತಲಿನ ಊರುಗಳ ಡೇರಿಗಳ ಪರವಾಗಿ, ಹಾಲು ಹಾಕುವವರ ಫೋನಿಗೆ ಸಂದೇಶ ಕಳಿಸುತ್ತೇವೆ. ಕಳಿಸುವ ಪ್ರೋಗ್ರಾಂ ಬರೆದವಳು ನಾನೇ. ಕನ್ನಡ ಮಾಧ್ಯಮದಲ್ಲಿ ಓದಿದವಳು, ಕೋರಮಂಡಲ್‌ನ ಚಿನ್ನದ ಗಣಿ ಕಾರ್ಮಿಕರ ಸಾಲುಮನೆಯಲ್ಲಿ ಕೂತು ಇಂಗ್ಲಿಷ್ ಪಾಠಗಳನ್ನು ತಡವರಿಸಿ ಓದಿ ಕಲಿತ ವಿದ್ಯೆ ಅದು. ಅದರ ಮೇಲೆ ಸ್ವಲ್ಪ ಜಂಬವೂ ಇತ್ತು.

ಆ ವಾರ ಕಾಲುಬಾಯಿ ಜ್ವರದ ಲಸಿಕೆ ಹಾಕುವುದಿತ್ತು. ಗುರುವಾರ ಬೆಳಿಗ್ಗೆ ಡೇರಿ ಹತ್ತಿರ ಹಸುಗಳನ್ನು ಕರೆತನ್ನಿ ಎಂದು ಬರೆದು, ಒಂದು ಸಾಲು ಖಾಲಿ ಬಿಟ್ಟು, ಕೆರೆಯಾಚೆಯ ಊರಿನವರು ಮಾತ್ರ ಶನಿವಾರ ಬನ್ನಿ ಎಂದು ಸೇರಿಸಿದೆ. ಪ್ರೋಗ್ರಾಮಿನಲ್ಲಿ ಮಾಮೂಲಿ ಉದ್ಧರಣ ಚಿಹ್ನೆಗಳ ನಡುವೆ ಒಂದೇ ಸಾಲು ಬರೆಯಬಹುದು. ಆ ಚಿಹ್ನೆಯನ್ನು ಮೊದಲು ಮೂರು ಸಲ, ಕೊನೆಗೆ ಮೂರು ಸಲ ಹಾಕಿದರೆ ನಡುವೆ ಎಷ್ಟು ಸಾಲು ಬರೆದರೂ, ಖಾಲಿ ಸಾಲು ಸಮೇತ, ಹಾಗೇ ಉಳಿಯುತ್ತದೆ. ನಾನು ಹಾಗೆಯೇ ಬರೆದಿದ್ದೆ.

ಶುಕ್ರವಾರ ಕೆರೆಯಾಚೆಯ ಊರಿನಿಂದ ಒಬ್ಬ ಹೆಂಗಸು ಕಚೇರಿಗೆ ಬಂದರು. ಐವತ್ತು ದಾಟಿದವರು. ಹಿಂದಿನ ದಿನ ಅವರ ಊರಿನವರೆಲ್ಲ ಬಿಸಿಲಲ್ಲಿ ಹಸುಗಳನ್ನು ಡೇರಿಯವರೆಗೆ ಹೊಡೆದುಕೊಂಡು ಹೋಗಿ, ನಿಮ್ಮದು ಇವತ್ತಲ್ಲ ಎನ್ನಿಸಿಕೊಂಡು ವಾಪಸು ಬಂದಿದ್ದರು. ಇವರ ಮುದಿ ಹಸು ದಾರಿಯಲ್ಲೇ ಕುಸಿದು ಕೂತಿತ್ತಂತೆ. ಶನಿವಾರ ಎಂದು ಹಾಕಿದ್ದೇನಲ್ಲ, ನೀವೇ ಕೆಳಗೆ ನೋಡಿಲ್ಲ ಅಕ್ಕ ಎಂದೆ ನಾನು. ಅವರು ಜಗಳಕ್ಕೆ ಬರಲಿಲ್ಲ. ಸೆರಗಿನ ಗಂಟಿನಿಂದ ಎರಡು ಫೋನು ತೆಗೆದು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು.

"ಇದು ನಂದು, ಇದು ಪಕ್ಕದ್ಮನೆಯವ್ಳದು. ನಂಗೆ ಓದಕ್ಕೆ ಬರಲ್ಲ, ಅವ್ಳಿಗೆ ಬತ್ತದೆ. ಎಲ್ಡರಾಗೂ 'ಕರೆತನ್ನಿ' ಅನ್ನೋತಾವ ನಿಂತೋಗೈತೆ. ಕೆಳಗೇನೂ ಇಲ್ಲ. ನೀನೇ ನೋಡಮ್ಮ."

ನೋಡಿದೆ. ಶನಿವಾರ ಎರಡರಲ್ಲೂ ಇರಲಿಲ್ಲ. ನಾಚಿಕೆಯಾಯಿತು, ತಪ್ಪಾಯಿತು ಎಂದೆ. ಕೆರೆಯಾಚೆಯ ಊರಿನವರು ನಾಳೆ ಶನಿವಾರ ಬನ್ನಿ ಎಂದು ಆಗಲೇ ಒಂದೇ ಸಾಲಿನ ಹೊಸ ಸಂದೇಶ ಕಳಿಸಿದೆ. ಎರಡೂ ಫೋನಿಗೆ ಅದು ಬಂದು, ನನ್ನಿಂದ ಓದಿಸಿ ಕೇಳಿದ ಮೇಲೆಯೇ ಅವರು ಎದ್ದದ್ದು.

ನಮ್ಮ ಮ್ಯಾನೇಜರು ದೋಷವನ್ನು ಕನ್ನಡ ಅಕ್ಷರಗಳ ಮೇಲೆ ಹಾಕಿದರು. ಇನ್ನು ಮುಂದೆ ಇಂಗ್ಲಿಷಿನಲ್ಲೇ ಕಳಿಸು ಎಂದರು. ಎರಡು ದಿನ ಟೈಮು ಕೊಡಿ ಸರ್, ಕಾರಣ ಹುಡುಕುತ್ತೇನೆ ಎಂದು ಕೇಳಿಕೊಂಡೆ.

ಸಂದೇಶವನ್ನು ಫೋನಿಗೆ ಮುಟ್ಟಿಸುವ ಭಾಗ ನಾನು ಬರೆದದ್ದಲ್ಲ. ಯಾರೋ ದೂರದವರು ಬರೆದು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟದ್ದು. ಅವರ ದೂರಿನ ಪುಟದಲ್ಲಿ ಬರೆದೆ: ಸಂದೇಶ ಸರಿಯಾಗಿ ಹೋಗುತ್ತಿಲ್ಲ, ತುಂಬಾ ತೊಂದರೆಯಾಗಿದೆ, ದಯವಿಟ್ಟು ಬೇಗ ಸರಿಪಡಿಸಿ. ಮಾರನೆಯ ದಿನ ಒಂದೇ ಸಾಲಿನ ಉತ್ತರ ಬಂತು. ನಮ್ಮಲ್ಲಿ ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ಹೇಳಿ ದೂರನ್ನೇ ಮುಚ್ಚಿಬಿಟ್ಟಿದ್ದರು.

ಮೈ ಉರಿಯಿತು. ಖಾರವಾಗಿ ಏನಾದರೂ ಬರೆಯಬೇಕೆಂದು ನನ್ನ ದೂರನ್ನೇ ಮತ್ತೆ ಓದಿದೆ. ಆ ಹೆಂಗಸಾದರೋ ಸಂದೇಶ ಎಲ್ಲಿ ನಿಂತಿದೆ, ಎಷ್ಟು ಫೋನಿನಲ್ಲಿ ನಿಂತಿದೆ, ಏನು ಕಾಣೆಯಾಗಿದೆ ಎಂದು ಹೇಳಿ ಕಣ್ಣೆದುರು ಇಟ್ಟಿದ್ದರು. ನನ್ನ ಬರಹದಲ್ಲಿ ಅದ್ಯಾವುದೂ ಇರಲಿಲ್ಲ. ಗೋಳು ಮಾತ್ರ ಇತ್ತು.

ಖಾರದ ಉತ್ತರ ಬಿಟ್ಟು ಪರೀಕ್ಷೆಗೆ ಕೂತೆ. ಸಂದೇಶವನ್ನು ಮೊದಲು ನನ್ನ ಪರದೆಯ ಮೇಲೆಯೇ ತೋರಿಸಿ ನೋಡಿದೆ. ಪೂರ್ತಿ ಇತ್ತು, ಹಾಗಾಗಿ ಮೂರು ಚಿಹ್ನೆಗಳದ್ದು ತಪ್ಪಿಲ್ಲ. ಆಮೇಲೆ ನನ್ನ ಫೋನಿಗೇ ಕಳಿಸುತ್ತಾ ಹೋದೆ. ಕನ್ನಡದಲ್ಲಿ ಎರಡು ಸಾಲು, ಎರಡೂ ಬಂದವು. ಇಂಗ್ಲಿಷಿನಲ್ಲಿ ಎರಡು ಸಾಲು, ಅವೂ ಬಂದವು. ಇಂಗ್ಲಿಷಿನಲ್ಲೇ ನಡುವೆ ಒಂದು ಖಾಲಿ ಸಾಲು ಬಿಟ್ಟೆ. ಅದರ ಕೆಳಗಿನದು ಬರಲಿಲ್ಲ. ಮ್ಯಾನೇಜರನ್ನು ಕರೆದು ತೋರಿಸಿದೆ. ಕನ್ನಡದ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಇನ್ನೂರು ಸಾಲಿನ ಪ್ರೋಗ್ರಾಮನ್ನು ಕಡಿದು ಕಡಿದು ಐದು ಸಾಲಿಗೆ ಇಳಿಸಿದೆ. 'ಒಂದು', ಖಾಲಿ ಸಾಲು, 'ಎರಡು', ಅಷ್ಟೇ ಸಂದೇಶ. ಹೊಸ ದೂರನ್ನು ನನಗೆ ಬರುವ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಬರೆದೆ. ನಾನು ಬಳಸುತ್ತಿರುವುದು ಇಂಥ ಆವೃತ್ತಿ. ಈ ಐದು ಸಾಲು ಓಡಿಸಿ. 'ಒಂದು', 'ಎರಡು' ಎರಡೂ ಬರಬೇಕಿತ್ತು, 'ಒಂದು' ಮಾತ್ರ ಬಂತು. ಖಾಲಿ ಸಾಲು ತೆಗೆದರೆ ಎರಡೂ ಬರುತ್ತವೆ. ಬೇಗ, ದಯವಿಟ್ಟು, ತೊಂದರೆ ಎಂಬ ಪದಗಳು ಕೈಗೆ ಬಂದವು. ಅಳಿಸಿ ಹಾಕಿದೆ.

ಮೂರನೆಯ ದಿನ ಅದೇ ವ್ಯಕ್ತಿಯಿಂದ ಉತ್ತರ. ಅವಸರದಲ್ಲಿ ದೂರು ಮುಚ್ಚಿದ್ದಕ್ಕೆ ಕ್ಷಮಿಸಿ, ಖಾಲಿ ಸಾಲು ಕಂಡರೆ ಸಂದೇಶ ಮುಗಿಯಿತೆಂದು ನಮ್ಮ ಕೋಡ್ ತಿಳಿಯುತ್ತಿತ್ತು, ಸರಿಪಡಿಸಿದ್ದೇವೆ ಎಂದಿತ್ತು.

ಮುಂದಿನ ಸಂದೇಶ ಹೊರಡುವ ದಿನ ನಾನೇ ಕೆರೆಯಾಚೆಯ ಊರಿಗೆ ಹೋಗಿ ನಿಂತೆ. ಎಲ್ಲ ಸಾಲುಗಳೂ ಬಂದವು. ಆ ಹೆಂಗಸು ಫೋನನ್ನು ನನ್ನ ಕೈಗೆ ಕೊಟ್ಟು ಓದಿಸಿ ಕೇಳಿದ ಮೇಲೆ ಅಂದರು: "ನನ್ನಂಗೆ ಓದಕ್ಕೆ ಬರ್ದೋರಿಗೆ ಮಾತಲ್ಲೇ ಕಳ್ಸಕ್ಕಾಗಲ್ವಾ?"

ಅದು ನನಗೆ ಹೊಳೆದೇ ಇರಲಿಲ್ಲ. ಆಗುತ್ತೆ ಅಕ್ಕ, ಮಾಡ್ತೀನಿ ಎಂದೆ. ಈಗ ಅದೇ ಕೆಲಸದಲ್ಲಿದ್ದೇನೆ. ಸಂದೇಶವನ್ನು ಓದಿ ಹೇಳುವ ಯಂತ್ರದ ಧ್ವನಿ ಗಂಟೆ, ದಿನಾಂಕ ಬಂದಾಗ ಇನ್ನೂ ಎಡವುತ್ತದೆ. ಎಲ್ಲೆಲ್ಲಿ, ಯಾವ ಪದಕ್ಕೆ ಎಂದು ಮುಂದಿನ ದೂರಿಗಾಗಿ ಬರೆದಿಡುತ್ತಿದ್ದೇನೆ.