ಬರೀ ನೀರಿಟ್ಟು ನೋಡಿದವರು

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ದುಬೈಯ ಅಂಗಡಿಯೊಂದರಲ್ಲಿ ಹದಿನೆಂಟು ವರ್ಷ ಕನ್ನಡಕಕ್ಕೆ ಗ್ಲಾಸು ಕೂರಿಸಿದ ಕೈ ಅದು. ಊರಿಗೆ ಮರಳಿದ ಮೇಲೆ ಮೊಗ್ರಾಲಿನಿಂದ ದಿನಾ ಬಸ್ಸು ಹತ್ತಿ ನಮ್ಮ ಲೇಸರ್ ಲ್ಯಾಬಿಗೆ ಸಹಾಯಕರಾಗಿ ಬರುತ್ತಿದ್ದರು. ಅಣ್ಣ ಎನ್ನುವ ಹಾಗೆ ನಾವೆಲ್ಲ ಇಚ್ಚ ಎನ್ನುತ್ತಿದ್ದೆವು. ನಾವು ಬರಿಗೈಯಲ್ಲಿ ಲೆನ್ಸು ಮುಟ್ಟಿದರೆ, "ಎಂತ ಮಾರಾಯಾ, ಮೀನು ಹಿಡಿದ ಹಾಗೆ!" ಎಂದು ಗದರುತ್ತಿದ್ದರು.

ನನ್ನ ಪಿಎಚ್‌ಡಿ ಕೆಲಸ ಇಷ್ಟು: ನೀರಲ್ಲಿ ತೇಲುವ ಚಿನ್ನದ ಅತಿಸೂಕ್ಷ್ಮ ಕಣಗಳಿಗೆ ಲೇಸರಿನ ಮಿಂಚು ಬಿಡುವುದು. ಆ ಮಿಂಚಿನ ಮುಂದೆ ರೆಪ್ಪೆ ಬಡಿಯುವುದೂ ಒಂದು ಯುಗ. ಒಂದೇ ದಿಕ್ಕಿನಲ್ಲಿ ಕಂಪಿಸುವ ಆ ಬೆಳಕು ಆಚೆ ಬರುವಾಗ ಎಷ್ಟು ತಿರುಗಿದೆ ಎಂದು ಅಳೆಯಬೇಕು. ಒಂದು ದಿನ ಭರ್ಜರಿಯಾಗಿ ತಿರುಗಿತು. ಗೈಡ್ ಲಡ್ಡು ತರಿಸಿದರು. ಇಚ್ಚ ಮಾತ್ರ ಆ ಕಣಗಳಿದ್ದ ಗಾಜಿನ ಕುಪ್ಪಿ ತೊಳೆದು ಬರೀ ನೀರು ತುಂಬಿಸಿ ಇಟ್ಟರು. ಆಗಲೂ ಬೆಳಕು ಅಷ್ಟೇ ತಿರುಗಿತು.

"ನೀರಲ್ಲಿ ಚಿನ್ನ ಎಲ್ಲುಂಟು ಸರ್? ಕುಪ್ಪಿ ಹಿಡಿದ ಸ್ಟ್ಯಾಂಡಿನ ಸ್ಕ್ರೂ ಬಿಗಿಯಾಗಿ ಗಾಜನ್ನು ಒತ್ತುತ್ತಾ ಉಂಟು, ಬೆಳಕು ತಿರುಗುವುದು ಅದಕ್ಕೆ. ಕನ್ನಡಕದ ಫ್ರೇಮಲ್ಲಿ ಎಷ್ಟು ನೋಡಿದ್ದೇನೆ!"

ಸ್ಟ್ಯಾಂಡಿನ ಹಿಂದೆ ಮುಂದೆ ಒಂದೇ ದಿಕ್ಕಿನ ಬೆಳಕನ್ನು ಬಿಡುವ ಪೋಲರೈಸರ್ ಹಾಳೆ ಹಿಡಿದು, ಸ್ಕ್ರೂ ಒತ್ತಿದಲ್ಲಿ ಗಾಜು ಬಣ್ಣಬಣ್ಣವಾಗಿದ್ದನ್ನು ತೋರಿಸಿದರು. ಗೈಡ್ ಕಣ್ಣೆತ್ತಿಯೂ ನೋಡಲಿಲ್ಲ. "ಹತ್ತನೇ ಕ್ಲಾಸು ಫೇಲಾದವನು ನನಗೆ ಫಿಸಿಕ್ಸ್ ಹೇಳಿಕೊಡುವುದಾ?"

ಲೇಖನ ಅಚ್ಚಾಯಿತು. ಬೇರೆ ಲ್ಯಾಬಿನವರು ಅದನ್ನೇ ಮಾಡಿ ನೋಡಿದಾಗ ಏನೂ ಸಿಗಲಿಲ್ಲ, ಬಂಡವಾಳ ಬಯಲಾಯಿತು. ಆಗ ಆ ಮಹಾನುಭಾವ ತನಿಖೆಗೆ ಕೂತ ಕಮಿಟಿಯ ಮುಂದೆ ಇಚ್ಚನತ್ತ ಬೆರಳು ತೋರಿಸಿದ: "ಸ್ಕ್ರೂ ಬಿಗಿದವ ಇವನೇ."

ಬಿಗಿದವನು ನಾನು! ಅದು ಗೈಡಿಗೂ ಗೊತ್ತು, ಇಚ್ಚನಿಗೂ ಗೊತ್ತು. ಬಾಯಿ ಬಿಟ್ಟರೆ ಪಿಎಚ್‌ಡಿ ಹೋದೀತೆಂದು ಕಲ್ಲಿನ ಹಾಗೆ ನಿಂತೆ. ಇಚ್ಚ ಒಮ್ಮೆ ನನ್ನ ಮುಖ ನೋಡಿದರು, ಚಕಾರ ಎತ್ತಲಿಲ್ಲ. ಮರುದಿನದಿಂದ ಅವರಿಗೆ ಕೆಲಸವಿಲ್ಲ.

ಥೂ! ಆ ಗೈಡನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಅವನಿಗೆ ನಾಚಿಕೆಯೇ ಇರಲಿಲ್ಲ, ಬಿಡಿ. ನನಗಿತ್ತು, ಇದ್ದೂ ಸುಮ್ಮನಿದ್ದೆ.

ಕಳೆದ ತಿಂಗಳು ಇಚ್ಚ ತೀರಿಕೊಂಡರೆಂದು ಕೇಳಿ ಮೊಗ್ರಾಲಿಗೆ ಹೋದೆ. ಎಲ್ಲ ಹೇಳಿಬಿಡಬೇಕೆಂದೇ ಹೋದದ್ದು. ನನ್ನ ಹೆಸರು ಹೇಳಿದ್ದೇ ತಡ, ಅವರ ಮಗ ಕೈ ಹಿಡಿದುಕೊಂಡ.

"ಉಪ್ಪ ಯಾವಾಗಲೂ ಕೇಳುತ್ತಿದ್ದರು, ನಿಮ್ಮ ಪಿಎಚ್‌ಡಿ ಎಂತಾಯಿತು ಅಂತ. ಆಯಿತಾ?"

"ಆಯಿತು" ಎಂದೆ.

"ಅಲ್ಹಂದುಲಿಲ್ಲಾ. ಅವರಿಗೆ ಅದೇ ಒಂದು ಚಿಂತೆ ಇತ್ತು."

ಅವತ್ತೂ ಹೇಳಲಿಲ್ಲ ನಾನು. ಕೊಟ್ಟ ಚಹಾ ಕುಡಿದು ಎದ್ದುಬಂದೆ.